ದ್ವಾರಪಾಲಕನ ಸಿಡಿ

ಡಿಸೆಂಬರ್ 3, 2008, ಬುಧವಾರ
ಇನ್ನು 118 ದಿನ

ಸಿಡಿಗಳು ಬಂದವು. ಐನೂರು. ಬಸ್ ನಿಲ್ದಾಣದ ಹಿಂದೆ ಬಾಡಿಗೆಗೆ ಹಿಡಿದ ಈ ಒಂದು ಕೋಣೆಯಲ್ಲಿ ಈಗ ಕಂಪ್ಯೂಟರ್, ನಾನು, ಎರಡು ರಟ್ಟಿನ ಪೆಟ್ಟಿಗೆ. ಇನ್ನೊಬ್ಬರು ಬಂದರೆ ನಿಂತೇ ಮಾತಾಡಬೇಕು. ಹೊರಗೆ ಬೋರ್ಡು ಹಾಕಿಸಿದ್ದೇನೆ: ಶೋಭಾ ಡಿಜಿಟಲ್ಸ್. ಗೌರಿಬಿದನೂರಿಗೆ ಇದೊಂದು ಕಡಿಮೆಯಾಗಿತ್ತು ಅಂದಳು ಅಮ್ಮ.

ಮತ್ತೊಮ್ಮೆ ನನಗೆ ನಾನೇ ಸ್ಪಷ್ಟವಾಗಿ ಹೇಳಿಕೊಳ್ಳುತ್ತೇನೆ, ಬೇರೆ ಯಾರೂ ಕೇಳಿಸಿಕೊಳ್ಳುತ್ತಿಲ್ಲವಲ್ಲ. ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಕೆಲಸಕ್ಕೆ ಆರು ತಿಂಗಳು ಸಂಬಳವಿಲ್ಲದ ರಜೆ ಹಾಕಿ ಬಂದಿದ್ದೇನೆ. ಮಾರ್ಚ್ 31ರೊಳಗೆ ‘ಮರಳಿ ಬರುತ್ತೇನೆ’ ಎಂದು ಕಾಗದ ಕೊಡದಿದ್ದರೆ ಆ ಕುರ್ಚಿ ಬೇರೆಯವರದು. ಅಷ್ಟರೊಳಗೆ ನನ್ನ ಪ್ರಾಡಕ್ಟಿಗೆ ಯಾರು, ಯಾಕೆ, ಹೇಗೆ ದುಡ್ಡು ಕೊಡುತ್ತಾರೆ ಎಂಬುದು ಗೊತ್ತಾಗಬೇಕು. ಗೊತ್ತಾಗದಿದ್ದರೆ ಬಾಯಿ ಮುಚ್ಚಿಕೊಂಡು ವಾಪಸ್ ಹೋಗುವುದು. ಮೂವತ್ತಮೂರು ವಯಸ್ಸಿನಲ್ಲಿ ಇನ್ನೊಂದು ಆಟ ಆಡುವ ಧೈರ್ಯ ನನಗಿಲ್ಲ.

ಪ್ರಾಡಕ್ಟ್ ಎಂದರೆ ಅಪ್ಪನ ನಾಟಕ. ಅಪ್ಪ, ಅಂದರೆ ಹಾರ್ಮೋನಿಯಂ ಪಾಪಯ್ಯ, ನಲವತ್ತು ವರ್ಷದಿಂದ ಹಳ್ಳಿಹಳ್ಳಿಗೆ ಹೋಗಿ ನಾಟಕ ಕಲಿಸುವ ಮೇಷ್ಟ್ರು. ‘ಶ್ವೇತಕೀರ್ತಿ ವಿಜಯ’ ಅವರೇ ಬರೆದದ್ದು. ಒಳ್ಳೆಯ ರಾಜ ಶ್ವೇತಕೀರ್ತಿ, ಕೆಟ್ಟ ರಾಜ ಪ್ರಚಂಡಕೇತು, ಅರವತ್ತನಾಲ್ಕು ಹಾಡು. ಈ ಸೀಮೆಯಲ್ಲಿ ಅದನ್ನು ಆಡದ ಊರಿಲ್ಲ. ಆಡಿಸಿದ್ದಕ್ಕೆ ಮನೆಗೆ ಬಂದದ್ದು ಮಾತ್ರ ಶಾಲು, ಗಂಧದ ಹಾರ, ಒಂದೊಂದು ಸಲ ರಾಗಿ ಮೂಟೆ. ಏಳನೇ ಕ್ಲಾಸಿನವರೆಗೆ ನಾನೂ ಅವರ ಪಕ್ಕ ಕೂತು ಹಾರ್ಮೋನಿಯಂ ಕಲಿತೆ. ಆ ವರ್ಷ ನನ್ನ ಸ್ಕೂಲ್ ಫೀಸು ಕಟ್ಟುವ ಕೊನೆಯ ದಿನ ಅಪ್ಪ ಹೊಸ ಶಾಲು ಹೊದ್ದುಕೊಂಡು ಬರಿಗೈಲಿ ಬಂದರು. ಅವತ್ತು ಪೆಟ್ಟಿಗೆಯ ಮುಚ್ಚಳ ಹಾಕಿದವಳು ಮತ್ತೆ ತೆಗೆದಿಲ್ಲ.

ಹೋದ ಬೇಸಿಗೆಯಲ್ಲಿ ಅವರ ಹಾಡು, ಮಾತು ಎಲ್ಲವನ್ನೂ ರೆಕಾರ್ಡ್ ಮಾಡಿದೆ. ಅದಾದ ಎರಡು ತಿಂಗಳಿಗೆ ಅವರ ಬಲಗೈ ಬೆರಳು ನಡುಗಲು ಶುರುವಾಯಿತು. ಸದ್ಯ, ಸಮಯಕ್ಕೆ ಸರಿಯಾಗಿ ಮುಗಿಸಿದ್ದೆ. ಇನ್ನು ಮೇಷ್ಟ್ರಿಲ್ಲದೆಯೂ ಜನ ಮನೆಯಲ್ಲೇ ಕೂತು ನಾಟಕ ಕಲಿಯಬಹುದು. ಬೆಲೆ ಎಪ್ಪತ್ತೈದು ರೂಪಾಯಿ.

ಡಿಸೆಂಬರ್ 9, ಮಂಗಳವಾರ
ಇನ್ನು 112 ದಿನ

ಬಸ್ಸಿನಲ್ಲಿ ಸೊಂಟ ಮುರಿದುಕೊಂಡು ಚಿಂತಾಮಣಿಗೆ ಹೋಗಿ ಬಂದೆ. ಅಲ್ಲಿ ವೆಂಕಟರಾಮಪ್ಪ ಎಂಬುವರ ಕ್ಯಾಸೆಟ್ ಅಂಗಡಿ ದೊಡ್ಡದು. ಸಿಡಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು, ಹಪ್ಪಳ ಹಸಿಯೋ ಒಣಗಿದೆಯೋ ಎಂದು ನೋಡುವ ಹಾಗೆ.

“ಬಾಗೈತೆ. ಆದ್ರೆ ಇದನ್ನ ಎವರು ಕೊಂಟಾರಮ್ಮಾ, ಯಾರು ಕೊಂಡ್ಕೊಂತಾರೆ? ನಾಟಕ ನೋಡೋನು ಪುಕ್ಸಟ್ಟೆ ನೋಡ್ತಾನೆ. ಪುಕ್ಸಟ್ಟೆ ನೋಡೋನು ಕಾಸು ಕೊಟ್ಟು ಕೇಳ್ತಾನಾ?”

ಹತ್ತು ಇಟ್ಟುಕೊಂಡರು, ಮಾರಿದರೆ ದುಡ್ಡು ಎಂಬ ಷರತ್ತಿನ ಮೇಲೆ. ಬರುವಾಗ ಶಿಡ್ಲಘಟ್ಟದಲ್ಲಿ ಇಳಿದು, ರೇಷ್ಮೆಗೂಡಿನ ಮಾರುಕಟ್ಟೆಯ ಎದುರಿನ ಅಂಗಡಿಯಲ್ಲಿ ಐದು ಕೊಟ್ಟೆ. ಅವರು ತೆಗೆದುಕೊಂಡದ್ದು ಕನಿಕರದಿಂದ. ಮುಖ ನೋಡಿದರೆ ಗೊತ್ತಾಗುತ್ತದೆ.

ಮನೆಗೆ ಬಂದು ಹೇಳಿದರೆ ಅಪ್ಪ, “ಚಿಂತಾಮಣಿ ಕ್ಯಾಸೆಟ್ ಅಂಗಡಿಯೋನಾ? ಬಿಳಿ ಐದು. ಒಳ್ಳೆ ಮನುಷ್ಯ” ಎಂದರು. ಅವರಿಗೆ ಜನರ ಹೆಸರು ನೆನಪಿರುವುದಿಲ್ಲ. ಹಾರ್ಮೋನಿಯಮ್ಮಿನ ಕಪ್ಪು ಬಿಳಿ ಪಟ್ಟಿಗಳಲ್ಲಿ ಯಾವ ಮನೆಯ ಮೇಲೆ ಆ ಮನುಷ್ಯನ ದನಿ ನಿಲ್ಲುತ್ತದೋ ಅದೇ ಅವನ ಹೆಸರು: ಕಪ್ಪು ಒಂದು, ಕಪ್ಪು ಎರಡು, ಬಿಳಿ ನಾಲ್ಕು. ನನ್ನ ಸೋದರಮಾವನನ್ನು ಕೂಡ ಹೀಗೇ ಕರೆಯುತ್ತಾರೆ. ಗಿರಾಕಿಯ ಹೆಸರನ್ನೇ ನೆನಪಿಟ್ಟುಕೊಳ್ಳದವರು ವ್ಯಾಪಾರ ಮಾಡಿದ ಹಾಗೇ ಇದೆ.

ಡಿಸೆಂಬರ್ 22, ಸೋಮವಾರ
ಇನ್ನು 99 ದಿನ

ಮಾರಾಟವಾದದ್ದು ಒಟ್ಟು ಹನ್ನೊಂದು. ಆದರೆ ಇವತ್ತು ಬಸ್ಸಿನಲ್ಲಿ ಒಬ್ಬನ ಫೋನಿನಿಂದ ಅಪ್ಪ ಹಾಡುತ್ತಿದ್ದರು. ಮಾರುಕಟ್ಟೆಯಲ್ಲಿ ಇನ್ನೊಬ್ಬನ ಫೋನಿನಿಂದ. ಎಲ್ಲಿಂದ ಬಂತೆಂದು ಕೇಳಿದರೆ ಬಸ್ ನಿಲ್ದಾಣದ ಮುನೇಶನ ಮೊಬೈಲ್ ಅಂಗಡಿ ತೋರಿಸಿದರು. ಇಪ್ಪತ್ತು ರೂಪಾಯಿ ಕೊಟ್ಟರೆ ಮೆಮೊರಿ ಕಾರ್ಡಿಗೆ ನೂರು ಸಿನಿಮಾ ಹಾಡು, ಜೊತೆಗೆ ಅಪ್ಪ.

ಜಗಳಕ್ಕೆಂದೇ ಹೋದೆ.

“ಅಕ್ಕಾ, ಜನ ಕೇಳ್ತಾರೆ, ಹಾಕ್ತೀನಿ. ನಾನು ಹಾಕ್ದಿದ್ರೆ ಪಕ್ಕದೋನು ಹಾಕ್ತಾನೆ. ನಿಮ್ಮ ತಂದೆಯೋರ ಹೆಸರೇ ತಾನೇ ಊರೆಲ್ಲಾ ಹರಡೋದು?”

ಕಳ್ಳನಿಗೊಂದು ಪಿಳ್ಳೆ ನೆವ. ಹೆಸರು ಹರಡಿ ಹರಡಿಯೇ ನಮ್ಮ ಮನೆಯಲ್ಲಿ ಶಾಲುಗಳನ್ನಿಡಲು ಒಂದು ಟ್ರಂಕು ಬೇಕಾಯಿತು ಎಂದು ಹೇಳಬೇಕೆನ್ನಿಸಿತು. ಕೋಣೆಗೆ ಬಂದು ಉಳಿದ ಸಿಡಿ ಎಣಿಸಿದೆ. ತಲೆನೋವು.

ಜನವರಿ 6, 2009, ಮಂಗಳವಾರ
ಇನ್ನು 84 ದಿನ

ಬೀಗ ಹಾಕಿದ್ದೇನೆ. ಹೊಸ ಸಿಡಿ ಕಂಪ್ಯೂಟರಿನಲ್ಲಿ ಮಾತ್ರ ಓಡುತ್ತದೆ. ಹದಿನಾರು ಅಂಕಿ ಒತ್ತಿದರೆ ತೆರೆಯುತ್ತದೆ. ಕಾಪಿ ಮಾಡು ಎಂದು ಒತ್ತಿದರೆ ಬರೀ ಸದ್ದಿಲ್ಲದ ಫೈಲು ಸಿಗುತ್ತದೆ. ಹದಿನೈದು ದಿನ ಕಣ್ಣಿಗೆ ನಿದ್ದೆಯಿಲ್ಲದೆ ಬರೆದ ಪ್ರೋಗ್ರಾಂ. ಅಪ್ಪನಿಗೆ ತೋರಿಸಿದೆ.

“ವಿದ್ಯೆಗೆ ಬೀಗ ಹಾಕ್ದೇನಮ್ಮಾ?”

“ವಿದ್ಯೆಗಲ್ಲ, ಕಳ್ಳರಿಗೆ.”

“ಬೀಗ ಇರೋದು ಕಳ್ಳರಿಗಲ್ಲ ಕಣಮ್ಮ, ಬೀಗದ ಕೈ ಮರೆತೋರಿಗೆ,” ಎಂದು ಹೇಳಿ ಎಲೆ ಅಡಿಕೆ ಹಾಕಿಕೊಂಡರು. ಸುಣ್ಣ ಹಚ್ಚುವಾಗ ಬೆರಳು ನಡುಗಿ ಎಲೆ ಬಿತ್ತು. ನಾನು ನೋಡದ ಹಾಗಿದ್ದೆ.

ಜನವರಿ 9, ಶುಕ್ರವಾರ
ಇನ್ನು 81

ತೊಂಡೇಬಾವಿಯ ಗಂಗುಲಪ್ಪ ಎಂಬುವರು ಕಾಸು ಕೊಟ್ಟು ಬೀಗದ ಸಿಡಿ ಕೊಂಡರು. ಇವತ್ತು ವಾಪಸ್ ತಂದರು. ಅವರ ಮನೆಯಲ್ಲಿರುವುದು ಟೀವಿಗೆ ಸಿಕ್ಕಿಸುವ ಸಿಡಿ ಪ್ಲೇಯರು, ಕಂಪ್ಯೂಟರಲ್ಲ. ಈ ಸೀಮೆಯಲ್ಲಿ ನಾಟಕ ಕಲಿಯುವ ಯಾರ ಮನೆಯಲ್ಲೂ ಕಂಪ್ಯೂಟರಿಲ್ಲ. ಮುನೇಶನ ಕದ್ದ ಪ್ರತಿಯಾದರೆ ಎಲ್ಲೆಲ್ಲೂ ಹಾಡುತ್ತದೆ. ಕಾಸು ಕೊಟ್ಟವನಿಗೆ ಹಾಡಿಲ್ಲ, ಕೊಡದವನಿಗೆ ಉಂಟು. ಈ ಬುದ್ಧಿಗೆ ನಾನು ಎಂ.ಸಿ.ಎ. ಓದಿದ್ದು.

ಜನವರಿ 11, ಭಾನುವಾರ
ಇನ್ನು 79 ದಿನ

ತೊಂಡೇಬಾವಿಯಲ್ಲಿ ಯುಗಾದಿಯ ಮಾರನೇ ದಿನ, ವರ್ಷತೊಡಕಿಗೆ, ಅಪ್ಪನ ನಾಟಕ. ಇವತ್ತು ಪಾತ್ರ ಹಂಚುವ ದಿನ. ಅಪ್ಪನಿಗೆ ಹಾರ್ಮೋನಿಯಂ ಎತ್ತಲು ಆಗುವುದಿಲ್ಲವಾದ್ದರಿಂದ ನಾನು ಹೊತ್ತುಕೊಂಡು ಹೋದೆ. ಕೂಲಿಯಾಳಾಗಿ.

ಇಪ್ಪತ್ತು ವರ್ಷದ ಮೇಲೆ ಆ ವ್ಯವಹಾರ ನೋಡಿದೆ. ಅರಳಿಕಟ್ಟೆಯ ಮೇಲೆ ಅಪ್ಪ, ಸುತ್ತ ಗಂಡಸರು. ಒಬ್ಬೊಬ್ಬರ ದನಿ ನೋಡಿ ಯಾರಿಗೆ ಯಾವ ಪಾತ್ರ ಒಪ್ಪುತ್ತದೆ ಎಂದು ಅಪ್ಪ ಹೇಳಬೇಕು. ಆಮೇಲೆ ಪಾತ್ರಕ್ಕೆ ಅವರೇ ದುಡ್ಡು ಹಾಕಬೇಕು. ಸೀನರಿ, ಲೈಟು, ಮೈಕು, ಮೇಷ್ಟ್ರ ಸಂಭಾವನೆ ಎಲ್ಲ ಅದರಲ್ಲೇ. ಕೆಟ್ಟ ರಾಜ ಪ್ರಚಂಡಕೇತುವಿಗೆ ಹಾಡು ಹೆಚ್ಚು, ಮೀಸೆ ದೊಡ್ಡದು. ಆದ್ದರಿಂದ ದರವೂ ಹೆಚ್ಚು. ಗಂಗುಲಪ್ಪ ಎಂಟು ಸಾವಿರಕ್ಕೆ ಹಿಡಿದರು. ಕುಡುಮಲಕುಂಟೆಯ ಕಾರ್ಖಾನೆಯಲ್ಲಿ ಪಾಳಿ ಮಾಡುವ ಮನುಷ್ಯ! ನನ್ನ ಎಪ್ಪತ್ತೈದು ರೂಪಾಯಿ ವಾಪಸ್ ಇಸಿದುಕೊಂಡು ಹೋಗಿ ಎರಡು ದಿನ ಆಗಿಲ್ಲ.

ಕೊನೆಗೆ ಉಳಿದದ್ದು ದ್ವಾರಪಾಲಕ. ಹಾಡಿಲ್ಲ, ಒಂದೇ ಮಾತು. ಬಯ್ಯಪ್ಪ ಎಂಬ ಮುದುಕರು ಎದ್ದು ನಿಂತರು. ಕುರಿ ಕಾಯುವವರು, ಓದು ಬರಹ ಇಲ್ಲ. “ಅದು ನಂದೇ. ಮೂವತ್ತು ವರ್ಷದಿಂದ ನಂದೇ,” ಎಂದು ಮುನ್ನೂರು ರೂಪಾಯಿ ಎಣಿಸಿ ಕಟ್ಟೆಯ ಮೇಲಿಟ್ಟರು. ಯಾರೂ ಅವರ ಜೊತೆ ಪೈಪೋಟಿಗೆ ಇರಲಿಲ್ಲ.

ಬಣ್ಣ ಹಚ್ಚಿಕೊಂಡು ಬೆವರು ಸುರಿಸುವವನು ಕಾಸು ಕೊಡುವುದು, ಕೂತು ನೋಡುವ ಊರೆಲ್ಲ ಪುಕ್ಕಟೆ. ಜಗತ್ತಿನಲ್ಲಿ ಇಷ್ಟು ಮೂರ್ಖ ಬಿಸಿನೆಸ್ ಮಾಡೆಲ್ ಇನ್ನೊಂದಿರಲಾರದು. ಅಪ್ಪ ಬಡವರಾಗಿಯೇ ಉಳಿದದ್ದರಲ್ಲಿ ಆಶ್ಚರ್ಯವೇನು?

ಜನವರಿ 19, ಸೋಮವಾರ
ಇನ್ನು 71 ದಿನ

ಹೊಳೆಯಿತು. ಕೇಳುವವನು ಕೊಡುವುದಿಲ್ಲ, ಸರಿ. ಕೇಳುವವನ ಕಿವಿ ಬೇಕಾದವನು ಕೊಡುತ್ತಾನೆ. ಜಾಹೀರಾತು!

ಬಸ್ ನಿಲ್ದಾಣದ ಎದುರು ಬೋರ್‌ವೆಲ್ ಮೋಟಾರ್ ರಿಪೇರಿ ಮಾಡುವ ಕೃಷ್ಣಮೂರ್ತಿಯವರು ಮೂರು ಸಾವಿರ ಕೊಟ್ಟರು. ಪ್ರತಿ ಹಾಡು, ಪ್ರತಿ ಮಾತಿನ ಕೊನೆಗೆ ಅವರದೊಂದು ಸಾಲು. ನಾನೇ ಗಂಭೀರವಾಗಿ ಓದಿ ಹಾಕಿದೆ. ಬೀಗವಿಲ್ಲ, ಬೆಲೆಯಿಲ್ಲ, ಎಷ್ಟು ಕದ್ದರೆ ಅಷ್ಟು ಒಳ್ಳೆಯದು. ಮುನೇಶ ಇನ್ನು ನನ್ನ ಏಜೆಂಟು. ತೊಂಡೇಬಾವಿ ತಂಡಕ್ಕೆ ಇಪ್ಪತ್ತು ಸಿಡಿ ಪುಕ್ಕಟೆ ಕಳಿಸಿದೆ. ಎಷ್ಟೋ ದಿನದ ಮೇಲೆ ಎರಡು ಮುದ್ದೆ ಉಂಡೆ.

ಜನವರಿ 20

ಅಪ್ಪ ಹೊಸ ಸಿಡಿ ಕೇಳಿದರು. ಒಂದು ಹಾಡು ಮುಗಿದು ಮೋಟಾರ್ ಬಂದ ಕೂಡಲೇ ಎದ್ದು ಹೋಗಿ ಹಿತ್ತಲಲ್ಲಿ ಕೂತರು. ಕೂರಲಿ.

ಫೆಬ್ರವರಿ 4, ಬುಧವಾರ
ಇನ್ನು 55 ದಿನ

ಬರೆಯಲು ಮನಸ್ಸಿಲ್ಲ. ಆದರೂ ಬರೆದುಬಿಡುತ್ತೇನೆ.

ಸಂಜೆ ತೊಂಡೇಬಾವಿಯ ಶಾಲೆಯ ಅಂಗಳದಲ್ಲಿ ತಾಲೀಮು. ಪೆಟ್ಟಿಗೆ ಹೊತ್ತು ನಾನೂ ಹೋಗಿದ್ದೆ. ಅರ್ಧ ಊರು ನೋಡಲು ಕೂತಿತ್ತು. ಮೊದಲ ದೃಶ್ಯ, ರಾಜ ಸಭೆಗೆ ಬರಬೇಕು, ದ್ವಾರಪಾಲಕ ಕೂಗಬೇಕು. ಬಯ್ಯಪ್ಪ ಕೋಲು ಹಿಡಿದು ಎದೆಯುಬ್ಬಿಸಿ ನಿಂತರು. ಅವರ ಮನೆಯಲ್ಲಿ ಸಿಡಿ ಪ್ಲೇಯರಿಲ್ಲ. ಹದಿನೈದು ದಿನದಿಂದ ಸಂಜೆ ಕುರಿ ಕೂಡಿಹಾಕಿ ಬಂದು ಗಂಗುಲಪ್ಪನವರ ಮನೆ ಬಾಗಿಲಲ್ಲಿ ನಿಂತು ಕೇಳಿ ಕಲಿತಿದ್ದರಂತೆ. ಹಳೆಯದು ಮೇಷ್ಟ್ರು ಬಾಯಲ್ಲಿ ಹೇಳಿಕೊಟ್ಟದ್ದು, ಇದು ಸಿಡಿಯಲ್ಲಿ ಅಚ್ಚಾಗಿ ಬಂದದ್ದು. ಇದೇ ಸರಿ ಇರಬೇಕು ಎಂದುಕೊಂಡರಂತೆ.

“ಬಹುಪರಾಕ್! ಶ್ವೇತಕೀರ್ತಿ ಮಹಾಪ್ರಭುಗಳು ಸಭೆಗೆ ದಯಮಾಡಿಸುತ್ತಿದ್ದಾರೆ, ಬಹುಪರಾಕ್! ಬೋರ್‌ವೆಲ್ ಮೋಟಾರ್ ಸುಟ್ಟಿದೆಯೆ? ಚಿಂತೆ ಬೇಡ! ಕೃಷ್ಣಮೂರ್ತಿ ಮೋಟಾರ್ ವರ್ಕ್ಸ್, ಬಸ್ ನಿಲ್ದಾಣದ ಎದುರು, ಗೌರಿಬಿದನೂರು!”

ಒಂದಕ್ಷರ ಬಿಟ್ಟಿರಲಿಲ್ಲ. ಅದೇ ಗತ್ತು, ಅದೇ ಗಾಂಭೀರ್ಯ.

ಊರು ನೆಲಕ್ಕೆ ಬಿದ್ದು ನಕ್ಕಿತು. ಗಂಗುಲಪ್ಪನವರು ಮೀಸೆ ಹಿಡಿದುಕೊಂಡು ನಕ್ಕರು. ನಿಜ ಹೇಳಬೇಕೆಂದರೆ ಮೊದಲ ಕ್ಷಣ ನನಗೂ ನಗು ಬಂತು. ಅಪ್ಪ ಮಾತ್ರ ನಗಲಿಲ್ಲ. ಬಯ್ಯಪ್ಪ ಎಲ್ಲರ ಮುಖ ನೋಡಿದರು, ಏನು ತಪ್ಪಾಯಿತೆಂದು. ಯಾರೋ ಹೇಳಿದರು. ಕೋಲನ್ನು ನಿಧಾನವಾಗಿ ಗೋಡೆಗೆ ಒರಗಿಸಿ, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದರು.

ಫೆಬ್ರವರಿ 5
54

ಇವತ್ತು ತಾಲೀಮಿಗೆ ಬಯ್ಯಪ್ಪ ಬರಲಿಲ್ಲವಂತೆ. “ಮುನ್ನೂರು ವಾಪಸ್ ಬೇಡ, ಪಾತ್ರಾನೂ ಬೇಡ” ಎಂದು ಹೇಳಿಕಳಿಸಿದ್ದಾರೆ. ಅಪ್ಪ ನನ್ನನ್ನು ಏನೂ ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಕೃಷ್ಣಮೂರ್ತಿಯವರ ದುಡ್ಡು ವಾಪಸ್ ಕೊಟ್ಟೆ. ಅವರಿಗೆ ಆಶ್ಚರ್ಯ: “ಯಾಕಮ್ಮ, ಎರಡು ದಿನದಿಂದ ಫೋನು ಬರ್ತಾ ಐತಲ್ಲ!”

ನನಗೆ ನನ್ನ ಮೇಲೇ ಅಸಹ್ಯವಾಗುತ್ತಿದೆ.

ಫೆಬ್ರವರಿ 8, ಭಾನುವಾರ
ಇನ್ನು 51 ಇರಬೇಕು

ಪ್ರಾಡಕ್ಟಿನಲ್ಲಿ ದೋಷವಿದ್ದರೆ ಸರಿಪಡಿಸುವುದು ಮಾಡಿದವರ ಜವಾಬ್ದಾರಿ. ಅಷ್ಟಕ್ಕೇ ಹೋದದ್ದು.

ತೊಂಡೇಬಾವಿಯ ರೈಲು ಹಳಿಯ ಆಚೆ, ಜಾಲಿ ಮರದ ಕೆಳಗೆ ಬಯ್ಯಪ್ಪ ಕೂತಿದ್ದರು. ಸುತ್ತ ಕುರಿಗಳು. ನನ್ನನ್ನು ನೋಡಿ ಎದ್ದು ಕುರಿಗಳ ಕಡೆ ತಿರುಗಿದರು. ತಪ್ಪು ನಿಮ್ಮದಲ್ಲ, ನನ್ನದು ಎಂದೆ. ಬಿಸಿಲಲ್ಲಿ ನಿಂತು ಮೂರು ಸಲ ಹೇಳಿದೆ.

“ಮೂವತ್ತು ವರ್ಷದಿಂದ ಆ ಬಾಗ್ಲಲ್ಲಿ ನಿಂತಿದೀನಿ ಕಣಮ್ಮ. ಒಬ್ರೂ ನಕ್ಕಿರ್ಲಿಲ್ಲ. ಕೈಲಾಸ ಅಂದ್ರೆ ನಂಗೆ ಅದೊಂದು ದಿನ. ಈಗ ಕುರಿ ಹೊಡ್ಕೊಂಡು ಹೋದ್ರೆ ಮಕ್ಕಳು ಮೋಟಾರ್ ತಾತ ಅಂತವೆ.”

“ಹಳೇದನ್ನೇ ಹೇಳಿ, ಮುಂದಿಂದು ಬಿಟ್ಬಿಡಿ.”

“ಕಿವೀಗ್ ಬಿದ್ದಿದ್ದು ಹೋಗ್ತದಾ? ಪರಾಕ್ ಅಂದ ತಕ್ಷಣ ನಾಲಿಗೆ ತಾನೇ ಮೋಟಾರ್ಗೆ ಓಡ್ತದೆ.”

ಹೇಳಿಸಿ ನೋಡಿದೆ. ನಿಜ. ಹತ್ತು ಸಲದಲ್ಲಿ ಹತ್ತು ಸಲವೂ ‘ಬೋರ್’ ಎಂದು ಬಾಯಿಗೆ ಬಂದು, ಹಲ್ಲು ಕಚ್ಚಿ ನಿಲ್ಲಿಸುತ್ತಾರೆ. ನಿಲ್ಲಿಸಿದಾಗ ಮುಖ ಅಳುವ ಮಗುವಿನದಾಗುತ್ತದೆ. ಕಂಪ್ಯೂಟರಿನಲ್ಲಾದರೆ ಅಳಿಸಬಹುದು. ಇಲ್ಲಿ ಅಳಿಸುವ ಹಾಗಿಲ್ಲ, ಆ ಜಾಗದಲ್ಲಿ ಬೇರೇನನ್ನಾದರೂ ಕೂರಿಸಬೇಕು. ಅವರ ಕೈಲಿದ್ದ ಕುರಿ ಕಾಯುವ ಕೋಲು ನೋಡಿದೆ.

“ಕೊನೇ ಪರಾಕ್ ಆದ ಮೇಲೆ ಕೋಲನ್ನ ಎರಡು ಸಲ ನೆಲಕ್ಕೆ ಕುಟ್ಟಿ. ಜೋರಾಗಿ. ಕುಟ್ಟಿ ಆದ ಮೇಲೆ ಉಸಿರು ಬಿಡಿ.”

ಬಹುಪರಾಕ್, ಧಡ್, ಧಡ್. ಬಾಯಿ ಬದಲು ಕೈ ಓಡಿತು. ಇಪ್ಪತ್ತು ಸಲ, ಐವತ್ತು ಸಲ. ಕುರಿಗಳೆಲ್ಲ ದೂರ ಹೋದವು. ಬಯ್ಯಪ್ಪ ಅವುಗಳನ್ನು ತರಲು ಹೋದಾಗ ನಾನೂ ಹಿಂದೆ ಹೋದೆ, ಹೇಳಿಸುತ್ತಲೇ. ಬೆಳಿಗ್ಗೆ ಹತ್ತಕ್ಕೆ ಹೋದವಳು ಎರಡರ ರೈಲಿಗೆ ಹೊರಟೆ. ಒಂದು ದೋಷಕ್ಕೆ ನಾಲ್ಕು ಗಂಟೆ. ಹೀಗೆ ಮಾಡಿದರೆ ಯಾವ ಬಿಸಿನೆಸ್ಸೂ ಉದ್ಧಾರವಾಗುವುದಿಲ್ಲ.

ಫೆಬ್ರವರಿ 17, ಮಂಗಳವಾರ

ಗಂಗುಲಪ್ಪನವರು ಪಾಳಿ ಮುಗಿಸಿ ನೇರ ಅಂಗಡಿಗೆ ಬಂದರು. ಗಂಟಲು ಕಟ್ಟಿತ್ತು.

“ಮೇಷ್ಟ್ರ ಹಾಡು ಅವರ ಶ್ರುತಿ ಮನೇಲಿ ನಿಂತದೆ, ನನ್ನ ದನಿ ಕಪ್ಪು ಎರಡು. ಸಿಡಿ ಹಿಂದೆ ಓಡೀ ಓಡೀ ಗಂಟ್ಲು ಕಿತ್ತೋಯ್ತು. ನನ್ನ ಮನೇಗೆ ಸರಿಯಾಗಿ ಒಂದು ಮಾಡ್ಕೊಡಮ್ಮ. ಮೊದಲಲ್ಲಿ ನನ್ನ ಹೆಸರು ಹೇಳ್ಬೇಕು, ಮೇಲೆ ನನ್ನ ಫೋಟೋ ಇರ್ಬೇಕು, ಕಿರೀಟ ಇಟ್ಟಿರೋದು. ಎಷ್ಟಾದ್ರೂ ಆಗ್ಲಿ.”

ಎಷ್ಟಾದರೂ ಆಗಲಿ! ಎಪ್ಪತ್ತೈದಕ್ಕೆ ಅಳುತ್ತಿದ್ದ ಬಾಯಿಂದ!

ಕಂಪ್ಯೂಟರಿನಲ್ಲಿ ಶ್ರುತಿ ಏರಿಸಿದೆ. ಅಪ್ಪನ ದನಿ ಇಲಿಯ ದನಿಯಾಯಿತು. ಅಪ್ಪನನ್ನೇ ಕರೆತಂದು ಹೊಸದಾಗಿ ನುಡಿಸಲು ಕೂರಿಸಿದೆ. ಎರಡನೇ ಸಾಲಿಗೇ ಬೆರಳು ಎರಡೆರಡು ಮನೆ ಒತ್ತಿತು. ಮತ್ತೆ, ಮತ್ತೆ. ಆಮೇಲೆ ಅವರು ಸುಮ್ಮನೆ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಕೂತರು. ಆ ಕೈ ನೋಡಲಾಗಲಿಲ್ಲ. ಪೆಟ್ಟಿಗೆಯನ್ನು ನನ್ನ ಕಡೆ ಎಳೆದುಕೊಂಡೆ. ಬೆರಳಿಗೆ ಅದು ನೆನಪಿದೆ, ನನಗೆ ಗೊತ್ತೇ ಇರಲಿಲ್ಲ. ಹಾಡುವವರು ಬೇಕಿತ್ತು, ಸದ್ಯಕ್ಕೆ ನಾನೇ ಹಾಡಿದೆ. ತಪ್ಪಿದಾಗಲೆಲ್ಲ ಅಪ್ಪ ನಾಲಿಗೆಯಿಂದ ‘ಚ್’ ಎಂದರು. ಪ್ರಚಂಡಕೇತುವಿನ ಇಪ್ಪತ್ತೆರಡು ಹಾಡಿಗೆ ಎಷ್ಟು ‘ಚ್’ ಎಂದು ಎಣಿಸಲಿಲ್ಲ. ಇದು ತಾತ್ಕಾಲಿಕ ವ್ಯವಸ್ಥೆ. ಯಾರಾದರೂ ಒಳ್ಳೆಯ ಕಲಾವಿದರು ಸಿಗುವವರೆಗೆ.

ಈಗ ಬರೆಯುವಾಗ ಹೊಳೆಯುತ್ತಿದೆ. ಇಷ್ಟು ದಿನ ನಾನು ಕೇಳುವವನಿಗೆ ಮಾರುತ್ತಿದ್ದೆ. ಈ ಸೀಮೆಯಲ್ಲಿ ಕೇಳುವವನು, ನೋಡುವವನು ಎಂದೂ ಕಾಸು ಬಿಚ್ಚಿದವನಲ್ಲ. ಬಿಚ್ಚುವವನು ಕಿರೀಟ ಇಟ್ಟುಕೊಳ್ಳುವವನು. ಜನವರಿಯಲ್ಲಿ ಅರಳಿಕಟ್ಟೆಯ ಮೇಲೆ ಕಣ್ಣಾರೆ ನೋಡಿ, ಮೂರ್ಖರು ಎಂದು ನಾನೇ ಇಲ್ಲಿ ಬರೆದಿಟ್ಟಿದ್ದೇನೆ. ಪಾತ್ರಕ್ಕೆ ತಕ್ಕ ದರ, ಪಾತ್ರಧಾರಿಯ ಶ್ರುತಿ, ಪಾತ್ರಧಾರಿಯ ಮುಖ. ಕದ್ದರೆ ಕದಿಯಲಿ. ಗಂಗುಲಪ್ಪನ ಮೀಸೆ ಇನ್ನೊಬ್ಬನಿಗೆ ಯಾಕೆ ಬೇಕು?

ಮಾರ್ಚ್ 2, ಸೋಮವಾರ

ಶ್ವೇತಕೀರ್ತಿ ಪಾತ್ರದವರ ಸಿಡಿ ಮುಗಿಯಿತು. ಮಂತ್ರಿಯದೂ ಮುಗಿಯಿತು. ಮಂತ್ರಿಗೆ ಲಯ ಇಲ್ಲ, ಸಿಡಿ ಕೊಟ್ಟರೂ ಪ್ರಯೋಜನವಿಲ್ಲ, ವಾರಕ್ಕೆರಡು ಸಂಜೆ ಬಂದು ಕೂರಿ ಎಂದೆ. ಕೂತಿದ್ದಾರೆ. ಹೀಗೆ ಕೂತವರು ಈಗ ಐದು ಜನ. ಕುರ್ಚಿ ತೆಗೆದು ಚಾಪೆ ಹಾಕಿದೆ.

ಮುನೇಶ ಬಂದು ಹಲ್ಲು ಕಿರಿದ. ಗಂಗುಲಪ್ಪ ಅವರೇ ತಮ್ಮ ಸಿಡಿ ತಂದು ಕಾರ್ಖಾನೆಯ ಜೊತೆಗಾರರ ಫೋನಿಗೆಲ್ಲ ಹಾಕಿಸಿದರಂತೆ, ತಮ್ಮದೇ ಕಾಸಿನಲ್ಲಿ. “ಇಂಥಾ ಕಳ್ಳತನ ನಾನು ಎಲ್ಲೂ ನೋಡಿಲ್ಲ ಅಕ್ಕಾ.” ಅದನ್ನು ಕೇಳಿದ ಶಿಡ್ಲಘಟ್ಟದ ತಂಡದವರು ತಮಗೂ ಇಂಥದೇ ಬೇಕೆಂದು ಫೋನ್ ಮಾಡಿದ್ದರು.

ಸಂಜೆ ಬಯ್ಯಪ್ಪ ಬಂದರು. ಮಡಿಸಿದ ಇಪ್ಪತ್ತು ರೂಪಾಯಿ ನೋಟು ಮೇಜಿನ ಮೇಲಿಟ್ಟು, ತಮಗೂ ಒಂದು ಸಿಡಿ, ಫೋಟೋ ಸಮೇತ ಎಂದರು.

“ನಿಮ್ಮನೇಲಿ ಪ್ಲೇಯರೇ ಇಲ್ವಲ್ಲ ಬಯ್ಯಪ್ಪನೋರೇ. ಏನ್ಮಾಡ್ತೀರಿ?”

“ಗೋಡೆಗೆ ನೇತಾಕ್ಕೊಂತೀನಿ.”

ಹನ್ನೊಂದು ಸೆಕೆಂಡಿನ ಸಿಡಿ. ಕೋಲಿನ ಸದ್ದು ಸರಿಯಾಗಿ ಬರಲೆಂದು ಒಂಬತ್ತು ಸಲ ರೆಕಾರ್ಡ್ ಮಾಡಿದೆ. ಇಪ್ಪತ್ತು ರೂಪಾಯಿಗೆ ಫೋಟೋ ಪ್ರಿಂಟೂ ಗಿಟ್ಟುವುದಿಲ್ಲ. ನೋಟು ವಾಪಸ್ ಕೊಡಹೋದರೆ ಮುಖ ಬಿಗಿದುಕೊಂಡರು. “ಪಾತ್ರದ ಕಾಸು ಕಣಮ್ಮ ಅದು. ವಾಪಸ್ ಇಸ್ಕೊಬಾರ್ದು.” ಇಟ್ಟುಕೊಂಡೆ.

ಮಾರ್ಚ್ 14, ಶನಿವಾರ

ಅಪ್ಪ ಚಾಪೆಯ ಮೂಲೆಯಲ್ಲಿ ಕೂತು ಪಾಠ ಕೇಳುತ್ತಿದ್ದವರು ಎಲ್ಲರೂ ಹೋದ ಮೇಲೆ ಕೇಳಿದರು:

“ದಿನಾ ಮಾಡೆಲ್ ಮಾಡೆಲ್ ಅಂತ ಒದ್ದಾಡ್ತಿದ್ಯಲ್ಲ, ಅದೇನಮ್ಮ ಹಂಗಂದ್ರೆ?”

“ಯಾರು ದುಡ್ಡು ಕೊಡ್ತಾರೆ, ಯಾಕೆ ಕೊಡ್ತಾರೆ ಅನ್ನೋದು.”

“ಅಷ್ಟೇನಾ? ನನ್ನ ಕೇಳಿದ್ರೆ ಡಿಸೆಂಬರ್ನಾಗೇ ಹೇಳ್ತಿದ್ದೆ.”

ಸಿಟ್ಟು ಬಂತು. ನಾನು ಕೇಳಿರಲೇ ಇಲ್ಲ, ಅದಕ್ಕೆ ಇನ್ನೂ ಸಿಟ್ಟು ಬಂತು.

“ಗೊತ್ತಿದ್ರೆ ನೀವ್ಯಾಕೆ ಶಾಲು ಹೊದ್ಕೊಂಡು ಬರ್ತಿದ್ರಿ?”

ಅಪ್ಪ ಚಾಪೆಯ ಮಡಿಚಿದ ಅಂಚು ಸರಿ ಮಾಡಿದರು. “ಕೇಳಕ್ಕೆ ನಾಚ್ಕೆ ಆಗ್ತಿತ್ತು ಕಣಮ್ಮ” ಎಂದರು. “ಕಾಸು ಎಣಿಸೋ ಹೊತ್ತಿಗೆ ಎದ್ದು ಆಚೆ ಹೋಗ್ಬಿಡ್ತಿದ್ದೆ. ಕಟ್ಟೆ ಮೇಲೆ ಎಷ್ಟು ಬಿತ್ತು, ಯಾರು ಬಾಚ್ಕೊಂಡ್ರು, ನೋಡ್ತಿರ್ಲಿಲ್ಲ. ನೀನು ನೋಡ್ತೀಯ. ಅದು ಒಳ್ಳೇದೇ.”

ಇಪ್ಪತ್ತು ವರ್ಷ ಎದೆಯಲ್ಲಿಟ್ಟುಕೊಂಡ ಜಗಳ. ಇಷ್ಟಕ್ಕೇ ಮುಗಿಯಬಾರದಿತ್ತು. ಆದರೆ ಮನೆಗೆ ಬಂದು ಅನ್ನ ಬಡಿಸಿದೆ.

ಮಾರ್ಚ್ 29, ಭಾನುವಾರ

ನಾಟಕ ಬೆಳಕು ಹರಿದ ಮೇಲೆ ಮುಗಿಯಿತು. ಮಧ್ಯಾಹ್ನದವರೆಗೆ ಮಲಗಿ ಈಗ ಎದ್ದೆ. ಬೆರಳು ಊದಿಕೊಂಡಿವೆ. ಅಪ್ಪ ಮೊದಲ ಪ್ರಾರ್ಥನೆ ನುಡಿಸಿ, “ಸ್ವಲ್ಪ ಹೊತ್ತು ನೀನು ಕೂತ್ಕೊ” ಎಂದು ಎದ್ದುಹೋದವರು ವಾಪಸ್ ಬರಲೇ ಇಲ್ಲ. ಮುಂದಿನ ಸಾಲಿನಲ್ಲಿ ಅಮ್ಮನ ಪಕ್ಕ ಕೂತು ಎಲೆ ಅಡಿಕೆ ಜಗಿಯುತ್ತಿದ್ದರು. ನಾನೇನು ಮಾಡಲಿ, ಅರವತ್ತಮೂರು ಹಾಡು ನುಡಿಸಿದೆ.

ಶುರುವಾಗುವ ಮುಂಚೆ ಚೌಕಿಯಲ್ಲಿ ಬಣ್ಣ ಹಚ್ಚಿಕೊಂಡ ಪಾತ್ರಧಾರಿಗಳೆಲ್ಲ ಪದ್ಧತಿಯಂತೆ ಮೇಷ್ಟ್ರಿಗೆ ತಾಂಬೂಲ ಕೊಟ್ಟರು, ಅಪ್ಪನಿಗೆ. ಬಯ್ಯಪ್ಪ ಮಾತ್ರ ಎಲೆ ಅಡಿಕೆ ತಂದು ನನ್ನ ಮುಂದೆ ಹಿಡಿದರು. ಬೇಡ ಅನ್ನಬೇಕಿತ್ತು, ನನಗಿಂತ ಅಷ್ಟು ದೊಡ್ಡವರು. ಪೆಟ್ಟಿಗೆ ಹೊಂದಿಸುವ ಗಡಿಬಿಡಿಯಲ್ಲಿದ್ದೆ, ಕೈ ಚಾಚಿ ಇಸಿದುಕೊಂಡುಬಿಟ್ಟೆ.

ಪರದೆ ಎದ್ದಿತು. ಬಯ್ಯಪ್ಪ ಬಾಗಿಲಲ್ಲಿ ಬಂದು ನಿಂತ ಕೂಡಲೇ ಮಕ್ಕಳ ಗುಂಪಿನಿಂದ ಯಾರೋ ಕೂಗಿದರು: “ಮೋಟಾರ್ ತಾತ!” ಜನ ಕಿಸಕ್ಕೆಂದರು. ಬಯ್ಯಪ್ಪ ಕದಲಲಿಲ್ಲ. ನಗು ಇಳಿಯುವವರೆಗೆ ಸುಮ್ಮನೆ ನೋಡುತ್ತ ನಿಂತರು. ಆಮೇಲೆ ಕೂಗಿದರು. ಎರಡನೇ ಪರಾಕ್ ಆಯಿತು. ಒಂದು ಕ್ಷಣ ಅವರ ತುಟಿ ಅದುರಿತು. ಧಡ್. ಧಡ್. ಹಲಗೆಯ ಸದ್ದು ಎದೆಗೆ ಬಡಿಯಿತು. ಇಡೀ ಊರು ಎದ್ದು ಕೂತಿತು. ಶ್ವೇತಕೀರ್ತಿ ಒಳಗೆ ಬಂದಾಗ ನಿಜವಾಗಿ ರಾಜನೇ ಬಂದ ಹಾಗಾಯಿತು. ಚಪ್ಪಾಳೆ ಬಿದ್ದದ್ದು ರಾಜನಿಗಲ್ಲ.

ಆಗ ನನ್ನ ತುಟಿಯೂ ಅಲ್ಲಾಡುತ್ತಿತ್ತು, ಕಣ್ಣಲ್ಲಿ ನೀರಿತ್ತು ಅನ್ನುತ್ತಾಳೆ ಅಮ್ಮ. ಲೈಟಿನ ಮುಂದೆ ಹುಳು ಹಾರುತ್ತಿದ್ದವು, ಕಣ್ಣಿಗೆ ಬಿದ್ದಿರಬೇಕು.

ಏಪ್ರಿಲ್ 2, ಗುರುವಾರ

ಬೆಳಿಗ್ಗೆ ಕಾಫಿ ಕುಡಿಯುತ್ತ ಅಪ್ಪ ಕೇಳಿದರು: “ಕಾಲೇಜಿಗೆ ಕಾಗದ ಹಾಕ್ದೇನಮ್ಮಾ?”

“ಯಾವ ಕಾಗದ?” ಎಂದೆ. ಎಂದ ಮೇಲೆ ನೆನಪಾಯಿತು. ಕ್ಯಾಲೆಂಡರ್ ನೋಡಿದರೆ ಎರಡನೇ ತಾರೀಖು. ಮೊನ್ನೆ ಮಂಗಳವಾರ ಏನು ಮಾಡುತ್ತಿದ್ದೆ ಎಂದು ಯೋಚಿಸಿದೆ. ಶಿಡ್ಲಘಟ್ಟದ ಮಂತ್ರಿಗೆ ಮೂರನೇ ಹಾಡು ಹತ್ತುತ್ತಿರಲಿಲ್ಲ, ದಿನವೆಲ್ಲ ಅದರಲ್ಲೇ ಇದ್ದೆ. ಸಂಜೆಗೆ ಹತ್ತಿತು.

ಇಷ್ಟು ದಿನ ಲೆಕ್ಕ ಹಾಕಿಕೊಂಡು ಬಂದ ತಾರೀಖು ಹೀಗೆ ಹೋಯಿತೆಂದು ದುಃಖವಾಗಬೇಕು. ಸ್ವಲ್ಪ ಹೊತ್ತು ಕೂತು ಕಾದೆ. ಅಷ್ಟರಲ್ಲಿ ಫೋನ್ ಬಂತು. ಚಿಂತಾಮಣಿಯಿಂದ, ಹೊಸ ತಂಡ. ಫೋನ್ ಮಾಡಿದವರಿಗೆ ಶ್ವೇತಕೀರ್ತಿಯೇ ಆಗಬೇಕಂತೆ, ಎಷ್ಟಾದರೂ ಆಗಲಿ ಎಂದರು. ಆದರೆ ಫೋನಿನಲ್ಲೇ ಗೊತ್ತಾಗುತ್ತದೆ, ಮೇಲಿನ ಹಾಡುಗಳಿಗೆ ಆ ದನಿ ಏರುವುದಿಲ್ಲ, ಮಂತ್ರಿಗಾದರೆ ಹೇಳಿ ಮಾಡಿಸಿದ್ದು. ಕಾಸು ಹೆಚ್ಚು ಬರುತ್ತದೆಂದು ರಾಜನ ಪಾತ್ರ ಕೊಡಲಾಗುತ್ತದೆಯೇ? ನೋವಾಗದ ಹಾಗೆ ಹೇಳುವುದು ಹೇಗೆಂದು ಅಪ್ಪನನ್ನು ಕೇಳಬೇಕು.

ಚಾಪೆ ಕೊಡವಿ ಹಾಕಿದ್ದೇನೆ. ಎರಡು ಗಂಟೆಗೆ ಚಿಂತಾಮಣಿಯ ಬಿಳಿ ನಾಲ್ಕು ಬರುತ್ತಾರೆ. ಹೆಸರು ಕೇಳಿಕೊಳ್ಳಲಿಲ್ಲ.